ಗುಡುಗುಡಿಗೆ ಹುಣಸೆಹುಳಿ ಹಚ್ಚುವ ಮುನ್ನ

ಹಳೆಯ ಕನ್ನಡ ಸಿನಿಮಾಗಳಲ್ಲಿ ಶ್ರೀಮಂತ ಯಾರೆಂದು ಬೇರೆ ಹೇಳಬೇಕಿರಲಿಲ್ಲ. ರೇಷ್ಮೆ ಗೌನು ತೊಟ್ಟು, ಬಾಯಲ್ಲೊಂದು ಪೈಪು ಕಚ್ಚಿಕೊಂಡು, ಮಹಡಿ ಮೆಟ್ಟಿಲು ಇಳಿದು ಬರುವವನೇ ನಾಯಕಿಯ ಅಪ್ಪ. ಪೈಪಿನಿಂದ ಹೊಗೆ ಬರುತ್ತಿತ್ತೋ ಇಲ್ಲವೋ, ದರ್ಪವಂತೂ ಧಾರಾಳವಾಗಿ ಬರುತ್ತಿತ್ತು. ನಮ್ಮ ಹರಪನಹಳ್ಳಿ, ಚಿಗಟೇರಿ, ಕೊಟ್ಟೂರು ಸೀಮೆಯಲ್ಲಿ ಆ ದರ್ಪದ ಪಾತ್ರ ವಹಿಸಿದ್ದು ಗುಡುಗುಡಿ, ಅಂದರೆ ಹುಕ್ಕಾ. ವಾಡೆಯ ಪಡಸಾಲೆಯಲ್ಲಿ ಗಾದಿಗೆ ಒರಗಿ ನಳಿಗೆ ಹಿಡಿದವರು ಮಾತಾಡಿದರೆ ಎದುರಿಗೆ ಕೂತವರು ತಲೆ ಆಡಿಸಬೇಕು. ಅಂಗಳದಲ್ಲಿ ಕೂತ ಆಳುಮಕ್ಕಳಿಗೆ ಮಣ್ಣಿನ ಚಿಲುಮೆ. ಆಮೇಲೆ ಬೀಡಿ ಬಂತು, ಸಿಗರೇಟು ಬಂತು. ಗುಡುಗುಡಿ ಅಟ್ಟ ಹತ್ತಿತು, ಚಿಲುಮೆ ಬೈರಾಗಿಗಳ ಜೋಳಿಗೆಗೆ ಸೇರಿತು, ಪೈಪು ಗುಜರಿಗೆ ಹೋಯಿತು.

ಈಗ ಅಟ್ಟ ಕೆಡವಿ ಆರ್‌ಸಿಸಿ ಹಾಕಿಸುವ ಕಾಲ. ಹಳೆಯ ಮನೆ ಬಿಚ್ಚುವಾಗ ಜಂತಿ, ಕಂಬ, ಕೊಪ್ಪರಿಗೆಗಳ ಜತೆ ಗುಡುಗುಡಿಯೂ ಕೆಳಗಿಳಿಯುತ್ತಿದೆ. ಗುಜರಿಯವನು ತೂಕಕ್ಕೆ ಕೇಳುತ್ತಾನೆ, ಮೊಮ್ಮಗ ಷೋಕೇಸಿಗೆ ಕೇಳುತ್ತಾನೆ. ಇಬ್ಬರ ನಡುವೆ ಮನೆಯ ಹೆಂಗಸರು ಅದನ್ನು ಬಚ್ಚಲಿಗೆ ಒಯ್ದು ತಿಕ್ಕಿ ತೊಳೆದುಬಿಡುತ್ತಾರೆ. ಹಳೆಯ ಹೊಗೆ ಸಾಮಾನು ಹಾಳಾಗುವುದು ಅಟ್ಟದ ಮೇಲೆ ನೂರು ವರ್ಷ ಬಿದ್ದಿದ್ದರಿಂದಲ್ಲ, ಕೆಳಗಿಳಿದ ಮೊದಲ ದಿನ ಬಚ್ಚಲಲ್ಲಿ ಕಳೆದ ಅರ್ಧ ಗಂಟೆಯಿಂದ ಎಂದು ನನಗೆ ಅನ್ನಿಸಿದೆ. ಇವತ್ತಿನ ಅಂಕಣ ಆ ಅರ್ಧ ಗಂಟೆಯ ಬಗ್ಗೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಸೇದುವವರಿಗೆ ಬರೆದದ್ದಲ್ಲ. ಚಿಗಟೇರಿ ಎಂದರೆ ನಮಗೆ ನಾರದಮುನಿಯ ಗುಡಿ ಇರುವ ಊರು. ಆದರೆ ಹೊರಗಿನವರಿಗೆ ಆ ಹೆಸರು ಗೊತ್ತಿರುವುದು ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಿಂದ. ಹೊಗೆಸೊಪ್ಪಿನ ಸಹವಾಸ ಮಾಡಿದವರ ಕಡೆಯ ಮೊಕ್ಕಾಂ ಎಲ್ಲಿ ಎಂಬುದನ್ನು ಅಲ್ಲಿನ ವಾರ್ಡುಗಳಲ್ಲಿ ಒಮ್ಮೆ ಓಡಾಡಿದವರಿಗೆ ಹೇಳಬೇಕಾಗಿಲ್ಲ. ನಾನು ಹೇಳುತ್ತಿರುವುದು ಹೊಗೆ ಆರಿದ ಮೇಲೆ ಉಳಿದ ಸಾಮಾನಿನ ಮಾತು.

"ಹೆಂಗ ತೊಳೀಬೇಕ್ರಿ?" ಎಂದು ಕೇಳಿದರೆ ನನ್ನ ಮರುಪ್ರಶ್ನೆ ಒಂದೇ: ಅದು ಯಾತರದ್ದು? ಹಿತ್ತಾಳೆಯದೋ, ತಾಮ್ರದ್ದೋ, ಬಿದರಿಯದೋ, ಮಣ್ಣಿನದೋ, ಕಟ್ಟಿಗೆಯದೋ? ಒಂದಕ್ಕೆ ಔಷಧವಾದದ್ದು ಇನ್ನೊಂದಕ್ಕೆ ವಿಷ. ಸಾಲದ್ದಕ್ಕೆ ಹೊಗೆ ಸಾಮಾನು ಯಾವತ್ತೂ ಒಂದೇ ವಸ್ತುವಿನದಾಗಿರುವುದಿಲ್ಲ. ಕೆಂಡ ತಾಳುವುದಕ್ಕೆ ಒಂದು, ಹೊಗೆ ತಣಿಸುವುದಕ್ಕೆ ಒಂದು, ತುಟಿಗೆ ತಾಗುವುದಕ್ಕೆ ಒಂದು.

ಇದು ಮೊದಲಿನಿಂದಲೂ ಹಾಗೆಯೇ. ಮೊಗಲ್ ಆಸ್ಥಾನಕ್ಕೆ ತಂಬಾಕು ಹೋದದ್ದು ನಮ್ಮ ಬಿಜಾಪುರದಿಂದ. ಅಕ್ಬರನ ರಾಯಭಾರಿ ಅಸದ್ ಬೇಗ್ ಇಮ್ಮಡಿ ಇಬ್ರಾಹಿಂ ಆದಿಲಶಾಹನ ಬಳಿಗೆ ಬಂದಿದ್ದವನು, 1604ರ ಸುಮಾರಿಗೆ ಹಿಂದಿರುಗುವಾಗ ತಾನೆಂದೂ ಕಂಡಿರದ ಈ ಸೊಪ್ಪನ್ನು ಕಟ್ಟಿಕೊಂಡು ಹೋದ. ಬಾದಶಹನಿಗೆ ಬರೀ ಸೊಪ್ಪು ಕೊಟ್ಟರಾದೀತೇ? ಸುಮಾತ್ರಾ ಕಡೆಯಿಂದ ಬಂದ ಮೂರು ಮೊಳದ ಕೊಳವೆ, ಅದರ ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ ಕೆಲಸ, ಬಾಯಿಗೆ ಯೆಮೆನಿನ ಕೆಂಪು ಅಕೀಕು ಕಲ್ಲು, ಹೊತ್ತಿಸಲು ಬಂಗಾರದ ಪಾತ್ರೆ, ಎಲ್ಲವನ್ನೂ ಬೆಳ್ಳಿ ತಟ್ಟೆಯಲ್ಲಿ ಜೋಡಿಸಿ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ, ಹಕೀಮ ಅಡ್ಡ ಬಂದ. ಮಗ ಜಹಾಂಗೀರ್ 1617ರಲ್ಲಿ ತಂಬಾಕನ್ನು ನಿಷೇಧಿಸಿದ, ಯಾರೂ ಕೇಳಲಿಲ್ಲ. ಅದು ಬೇರೆ ಕತೆ. ನನ್ನ ಕುತೂಹಲ ಆ ಪೈಪನ್ನು ತೊಳೆಯುವ ಸೇವಕನ ಮೇಲೆ. ಬಂಗಾರಕ್ಕೆ ಹುಳಿ ತಾಗಿದರೆ ಏನೂ ಆಗದು, ಮೀನಾಕಾರಿಗೆ ಕಾವು ಕೂಡದು, ಕೊಳವೆಗೆ ನೀರು ಕೂಡದು. ಒಂದೇ ಸಾಮಾನಿಗೆ ಮೂರು ಬಗೆಯ ಕಟ್ಟುಪಾಡು.

ನಮ್ಮ ಅಟ್ಟಗಳ ಮೇಲೆ ಹೆಚ್ಚು ಸಿಗುವುದು ಹಿತ್ತಾಳೆ ಅಥವಾ ತಾಮ್ರದ ಗುಡುಗುಡಿ. ಇದಕ್ಕೆ ಹುಣಸೆಹುಳಿ ಸರಿಯೇ. ತಾಮ್ರ ಗಾಳಿಗೆ ಕಪ್ಪಾಗುತ್ತದೆ, ತೇವ ಸೇರಿದರೆ ಹಸಿರು ಕಿಲುಬು ಹಿಡಿಯುತ್ತದೆ. ಹುಳಿಯ ಆಮ್ಲ ಆ ಕಪ್ಪನ್ನೂ ಕಿಲುಬನ್ನೂ ಕರಗಿಸುತ್ತದೆ, ಕೆಳಗಿನ ಲೋಹ ಹೊಳೆಯುತ್ತದೆ. ಆದರೆ ಹುಳಿ ಹಚ್ಚಿ ರಾತ್ರಿಯೆಲ್ಲ ಬಿಡುವುದು ಬೇಡ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವು. ಆಮ್ಲಕ್ಕೆ ಸತುವೆಂದರೆ ಹೆಚ್ಚು ಪ್ರೀತಿ. ಬಹಳ ಹೊತ್ತು ಬಿಟ್ಟರೆ ಮೇಲಿನ ಸತುವನ್ನೆಲ್ಲ ತಿಂದು ತಾಮ್ರವನ್ನಷ್ಟೇ ಉಳಿಸುತ್ತದೆ. ಬೆಳಗ್ಗೆ ನೋಡಿದರೆ ಹಳದಿ ಗುಡುಗುಡಿಯ ಮೇಲೆ ಅಲ್ಲಲ್ಲಿ ಗುಲಾಬಿ ಮಚ್ಚೆ. "ಎಷ್ಟ್ ಚಲೋ ಕೆಂಪಗ ಬಂತು ನೋಡ್ರಿ" ಎಂದು ಹಿಗ್ಗಿದವರನ್ನು ಕಂಡಿದ್ದೇನೆ. ಅದು ಹೊಳಪಲ್ಲ, ಗಾಯ. ಇಟ್ಟಿಗೆ ಪುಡಿ, ಮರಳು, ತಂತಿ ಬ್ರಷ್ಷು ಸಹ ಬೇಡ. ಮೆತ್ತನೆಯ ಬಟ್ಟೆ, ಹುಳಿ, ಐದು ನಿಮಿಷ, ಆಮೇಲೆ ಸಾಕಷ್ಟು ನೀರು, ಒಣಬಟ್ಟೆ. ಇಷ್ಟು ಸಾಕು.

ಬಿದರಿಯ ಲೆಕ್ಕವೇ ಬೇರೆ. ಈ ಸೀಮೆಯಲ್ಲಿ ಬಿದರಿ ಗುಡುಗುಡಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಬೀದರನ್ನೂ ಆಳುತ್ತಿದ್ದ ನಿಜಾಮ 1800ರಲ್ಲಿ ಬ್ರಿಟಿಷರಿಗೆ ಬಿಟ್ಟುಕೊಟ್ಟ ಪ್ರದೇಶ ಇದು. ಬಿದರಿ ಕೆಲಸದ ಹಳೆಯ ಮಾದರಿಗಳಲ್ಲಿ ಇವತ್ತು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಮುಖ್ಯವಾದವು ಹದಿನೇಳನೇ ಶತಮಾನದ ಹುಕ್ಕಾ ಬುಡಗಳೇ. ಮೊದಮೊದಲು ಚೆಂಡಿನಂತೆ ದುಂಡಗೆ ಮಾಡುತ್ತಿದ್ದರು, ನೆಲದ ಮೇಲೆ ನಿಲ್ಲಿಸಲು ಕೆಳಗೊಂದು ಸಿಂಬಿ ಬೇಕಾಗುತ್ತಿತ್ತು. ಹದಿನೆಂಟನೇ ಶತಮಾನಕ್ಕೆ ಗಂಟೆಯ ಆಕಾರ ಬಂತು, ಸಿಂಬಿಯ ಗೊಡವೆ ತಪ್ಪಿತು. ದುಂಡಗಿನದು ಸಿಕ್ಕರೆ ಹೆಚ್ಚು ಜೋಪಾನ.

ಬಿದರಿ ನೋಡಲು ಕರಿಕಬ್ಬಿಣದಂತಿದ್ದರೂ ಬಹುಪಾಲು ಸತುವು. ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಹಾಕಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ನಮ್ಮ ರೈತರು ಸುಣ್ಣದ ಜತೆ ಕಲಸಿ ಬೆಳೆಗೆ ಹೊಡೆಯುತ್ತಾರಲ್ಲ, ಅದೇ ಮೈಲುತುತ್ತ. ಕಪ್ಪಿನ ಮೇಲೆ ಮೊಳೆಯಿಂದ ಚಿತ್ತಾರ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದರೆ ಎಲ್ಲ ಬೂದುಬಿಳಿ, ಬೆಳ್ಳಿ ಯಾವುದು ಸತುವು ಯಾವುದು ಕಾಣಿಸದು. ಕಡೆಗೆ ಬರುವುದು ಮಣ್ಣಿನ ಕೆಲಸ. ಬೀದರ ಕೋಟೆಯಲ್ಲಿ ಬಿಸಿಲು ಮಳೆ ತಾಗದ ಜಾಗದಿಂದ ತಂದ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ, ನೀರಿನಲ್ಲಿ ಕಲಸಿ, ಬೆಚ್ಚಗೆ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತುವು ಕಾಡಿಗೆಯಷ್ಟು ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಆಮೇಲೆ ತೊಳೆದು ಎಣ್ಣೆ ಸವರಿದರೆ ಮುಗಿಯಿತು. ಈ ಕೆಲಸವನ್ನೇ ಜೀವನ ಮಾಡಿಕೊಂಡ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಅಂದರೆ ಆ ಕಪ್ಪು ಕೊಳೆಯಲ್ಲ, ಕಸುಬುದಾರ ಕೊಟ್ಟ ಬಣ್ಣ. ಕೂದಲೆಳೆಯಷ್ಟು ತೆಳು ಪದರ. ಅದರ ಕೆಳಗಿರುವುದು ಸತುವು. ಸತುವಿಗೆ ಹುಳಿ ತಾಗಿದರೆ ಏನಾಗುತ್ತದೆ ಎಂದು ಹಿತ್ತಾಳೆಯಲ್ಲೇ ನೋಡಿದ್ದೇವೆ. ಹಿತ್ತಾಳೆಯಲ್ಲಿ ರಾತ್ರಿಯೆಲ್ಲ ಹಿಡಿಯುವ ಕೇಡು ಇಲ್ಲಿ ನಿಮಿಷಗಳಲ್ಲಿ ಆಗುತ್ತದೆ. ಕೊಟ್ಟೂರಿನ ಕಡೆಯ ಒಂದು ಮನೆಯಲ್ಲಿ ವಯಸ್ಸಾದ ಅವ್ವ ಒಬ್ಬರು ಸೆರಗಿನಿಂದ ಒರೆಸುತ್ತ ಗುಡುಗುಡಿಯೊಂದನ್ನು ತಂದಿಟ್ಟರು. "ಕರ್ರಗ ಕುರುಪಾಗಿತ್ತಪ್ಪಾ, ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗ ಮಾಡೀನಿ." ಬೆಳ್ಳಗೇನೋ ಆಗಿತ್ತು. ಗಸಗಸೆ ಗಿಡದ ಹೂವಿನ ಸಾಲು ಇತ್ತೆಂಬುದು ಬೆರಳಾಡಿಸಿದರೆ ಗೊತ್ತಾಗುತ್ತಿತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಒಂದು ಬದಿಯಲ್ಲಿ ಮಾತ್ರ, ಹಿಡಿಕೆಯ ಮರೆಗೆ, ಬೊಟ್ಟಗಲ ಜಾಗದಲ್ಲಿ ಕಪ್ಪು ಉಳಿದು ಅದರ ಮೇಲೆ ಬೆಳ್ಳಿಯ ಎರಡು ಎಸಳು ನಿಚ್ಚಳವಾಗಿದ್ದವು. ಅವ್ವನ ಮುಂದೆ ಏನೂ ಹೇಳಲು ಬಾಯಿ ಬರಲಿಲ್ಲ. "ಚಲೋ ಆಗೇತಬೇ" ಎಂದು ಚಹಾ ಕುಡಿದು, ಅವರ ಮಗನನ್ನು ಹೊರಗೆ ಕರೆದು ಹೇಳಿದೆ: ಇನ್ನು ನೀರು ಮುಟ್ಟಿಸಬೇಡಿ, ತೆಳ್ಳಗೆ ಕೊಬ್ಬರಿಎಣ್ಣೆ ಸವರಿಡಿ, ಬೀದರಿಗೆ ಹೋಗುವವರಿದ್ದರೆ ಕಸುಬುದಾರರಿಗೇ ತೋರಿಸಿ. ಮಣ್ಣಿನ ಸಂಸ್ಕಾರ ಮತ್ತೊಮ್ಮೆ ಕೊಟ್ಟರೆ ಕಪ್ಪು ಮರಳುತ್ತದೆ. ಆದರೆ ತಿಕ್ಕಿದಾಗ ಬೆಳ್ಳಿಯ ತಗಡು ಎದ್ದು ಹೋಗಿದ್ದರೆ ಅದು ಮರಳದು.

ಬಿದರಿಯ ಆರೈಕೆ ಇಷ್ಟೇ: ಒಣಗಿದ ಮೆತ್ತನೆಯ ಬಟ್ಟೆ, ಒಂದೆರಡು ಹನಿ ಕೊಬ್ಬರಿಎಣ್ಣೆ. ಬೂಟ್ ಪಾಲಿಶ್ ಹಚ್ಚಿ ಕಪ್ಪು ಮಾಡುವವರಿದ್ದಾರೆ. ಅದು ಬೆಳ್ಳಿಯ ಸಂದಿಗೆಲ್ಲ ಮೆತ್ತಿಕೊಂಡು ಚಿತ್ತಾರವನ್ನೇ ಮಬ್ಬು ಮಾಡುತ್ತದೆ. ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದುವುದಂತೂ ಇನ್ನೂ ಕೆಟ್ಟದ್ದು, ಅದರಲ್ಲೂ ಆಮ್ಲ ಇರುತ್ತದೆ. ಅಲ್ಯುಮಿನಿಯಂ ಮೇಲೆ ಕರಿ ಬಣ್ಣ ಬಳಿದ ನಕಲಿಗಳೂ ಪೇಟೆಯಲ್ಲಿವೆ. ಕೈಯಲ್ಲಿ ಹಿಡಿದರೆ ಹಗುರ, ಉಗುರು ಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯನ್ನು ಬುಡದಲ್ಲಿ ಒತ್ತಿದರೆ ಕಪ್ಪು ಹತ್ತಿಗೆ ಬರುತ್ತದೆ.

ಗುಡುಗುಡಿಯ ಉಳಿದ ಅಂಗಗಳ ಬಗ್ಗೆ ಚುಟುಕಾಗಿ. ತಾಮ್ರದ ಬುಡಕ್ಕೆ ಒಳಗೆ ಕಲಾಯಿ ಇದ್ದೀತು. ಮತ್ತೆ ಕಲಾಯಿ ಹಾಕಿಸುವುದಾದರೆ ಮೊದಲು ಬೆಸುಗೆ ನೋಡಿಕೊಳ್ಳಿ. ತವರ ಕರಗಲು 232 ಡಿಗ್ರಿ ಬೇಕು. ಹಳೆಯ ಸೀಸ-ತವರದ ಬೆಸುಗೆ ಅದಕ್ಕಿಂತ ಮುಂಚೆಯೇ ಕರಗಿಬಿಡುತ್ತದೆ. ತಿದಿ ಒತ್ತುತ್ತಿದ್ದಂತೆ ಕುತ್ತಿಗೆ ಒಂದು ಕಡೆ, ಬುಡ ಒಂದು ಕಡೆ. ಒಳ್ಳೆಯ ಕಲಾಯಿಯವರಿಗೆ ಇದು ಗೊತ್ತು, ಬೇಡ ಎಂದುಬಿಡುತ್ತಾರೆ. ತೆಂಗಿನ ಚಿಪ್ಪಿನ ಬುಡ ಒಣಗಿ ಸೀಳಿದ್ದರೆ ಜೇನುಮೇಣ ಅಥವಾ ಅರಗು ಕರಗಿಸಿ ತುಂಬಿದರೆ ಸಾಕು. ಬಟ್ಟೆ ಸುತ್ತಿದ ಉದ್ದ ನಳಿಗೆಯ ಒಳಗೆ ತಂತಿಯ ಸುರುಳಿ ಇರುತ್ತದೆ, ಅದು ತುಕ್ಕು ಹಿಡಿದು ಪುಡಿಯಾಗಿರುತ್ತದೆ. ಅದನ್ನು ತೊಳೆಯಲು ಬರುವುದಿಲ್ಲ. ನೋಡಲು ಚೆಂದವಿದ್ದರೆ ಸುತ್ತಿ ಇಡಿ, ಬಾಯಿಗೆ ಮಾತ್ರ ಇಡಬೇಡಿ.

ಇನ್ನು ಚಿಲುಮೆ. ತೊಳೆಯುವ ವಿಷಯದಲ್ಲಿ ಇಷ್ಟು ಜಾಣ ಸಾಮಾನು ಬೇರೊಂದಿಲ್ಲ. ಜಾತ್ರೆಗಳಲ್ಲಿ ಬೈರಾಗಿಗಳನ್ನು ಗಮನಿಸಿ. ಚಿಲುಮೆ ಆರಿದ ಮೇಲೆ ಬುಡಕ್ಕೆ ಸುತ್ತಿದ ಒದ್ದೆ ಬಟ್ಟೆ ಬಿಚ್ಚುತ್ತಾರೆ. ತಲೆಕೆಳಗು ಮಾಡಿ ತಟ್ಟಿದರೆ ಬೂದಿ, ಅದರ ಹಿಂದೆ ಗೋಲಿಯಷ್ಟು ಹರಳು ಕೈಗೆ ಬೀಳುತ್ತದೆ. ಸೊಪ್ಪು ಬಾಯಿಗೆ ಬಾರದಂತೆ ತಡೆಯುವ ಹರಳು ಅದು. ಆಮೇಲೆ ಹಳೆಯ ಧೋತರದ ಪಟ್ಟಿಯೊಂದನ್ನು ಚಿಲುಮೆಯ ಮೂಲಕ ಪೋಣಿಸಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು, ಬಲಗೈಯಲ್ಲಿ ಚಿಲುಮೆಯನ್ನು ಆ ಪಟ್ಟಿಯ ಮೇಲೆ ಸರಸರನೆ ಹಿಂದೆ ಮುಂದೆ ಓಡಿಸುತ್ತಾರೆ, ಓಡಿಸುತ್ತಲೇ ತಿರುವುತ್ತಾರೆ. ಬಿಳಿ ಪಟ್ಟಿ ನೋಡುನೋಡುತ್ತಿದ್ದಂತೆ ಕಂದು, ಆಮೇಲೆ ಡಾಂಬರಿನ ಬಣ್ಣ. ನೀರಿಲ್ಲ, ಸೋಪಿಲ್ಲ. ಒಳಗೋಡೆಯ ಯಾವ ಮೂಲೆಯೂ ತಪ್ಪುವುದಿಲ್ಲ, ಯಾಕೆಂದರೆ ಮೂಲೆಯೇ ಇಲ್ಲ. ಕುಂಬಾರ ಅದನ್ನು ಆಲಿಕೆಯಂತೆ ನೇರ ಮಾಡಿರುವುದೇ ಈ ಅನುಕೂಲಕ್ಕಾಗಿ ಇದ್ದೀತು.

ಕಿಟ್ಟ ತೀರಾ ಗಟ್ಟಿಯಾಗಿದ್ದರೆ ಮಣ್ಣಿನ ಚಿಲುಮೆಗೆ ಬೆಂಕಿಯೇ ಮದ್ದು. ಕೆಂಡದೊಳಗೆ ಹೂತಿಟ್ಟು, ಕೆಂಪಗೆ ಕಾಯಿಸಿ, ಕೆಂಡದ ಜತೆಗೇ ನಿಧಾನ ಆರಲು ಬಿಟ್ಟರೆ ಹೊಗೆಸೊಪ್ಪಿನ ಮಡ್ಡಿಯೆಲ್ಲ ಸುಟ್ಟು ಹೋಗಿ ಮಣ್ಣು ಕುಂಬಾರನ ಒಲೆಯಿಂದ ಬಂದ ದಿನದ ಬಣ್ಣಕ್ಕೆ ತಿರುಗುತ್ತದೆ. ಯುರೋಪಿನ ಪಾನಗೃಹಗಳಲ್ಲೂ ಹಿಂದೆ ಮಣ್ಣಿನ ಪೈಪುಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಜೋಡಿಸಿ ಒಲೆಗೆ ತಳ್ಳಿ ಹೀಗೇ ಶುದ್ಧ ಮಾಡುತ್ತಿದ್ದರು. ಬಿಸಿಯಿದ್ದಾಗ ನೀರು ಚಿಮುಕಿಸಿದರೆ ಮಾತ್ರ ಫಟ್ಟನೆ ಎರಡು ಹೋಳು.

ಕಟ್ಟಿಗೆಯ ಪೈಪಿಗೆ ಬರೋಣ. ಗುಜರಿಯಲ್ಲಿ ಸಿಕ್ಕವು, ಬೆಂಗಳೂರಿನ ಸಂಡೇ ಬಜಾರಿನಲ್ಲಿ ತಾಡಪಾಲಿನ ಮೇಲೆ ಹಳೆ ಬೀಗ, ಕ್ಯಾಮೆರಾಗಳ ನಡುವೆ ಬಿದ್ದಿರುವವು ಹೆಚ್ಚಾಗಿ ಇವೇ. ನಮ್ಮ ತಾಲ್ಲೂಕುಗಳು 1953ರ ತನಕ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಬಳ್ಳಾರಿಯಲ್ಲಿ ದಂಡು ಇತ್ತು, ಸಾಹೇಬರಿದ್ದರು, ಪಾದ್ರಿಗಳಿದ್ದರು. 1945ರಿಂದ ಹೊಸಪೇಟೆಯಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ನಡೆದಾಗ ಎಂಜಿನಿಯರುಗಳ ಹಿಂಡೇ ಇತ್ತು. ಪೈಪು ನಮ್ಮೂರುಗಳಿಗೆ ಬಂದದ್ದು ಇಂಥವರ ಕಿಸೆಯಲ್ಲೇ ಇರಬೇಕು.

ಈ ಪೈಪಿನ ಕಟ್ಟಿಗೆಗೆ ಬ್ರೈಯರ್ ಎನ್ನುತ್ತಾರೆ. ಮೆಡಿಟರೇನಿಯನ್ ತೀರದ ಒಣ ಗುಡ್ಡಗಳಲ್ಲಿ ಬೆಳೆಯುವ ಒಂದು ಪೊದೆಗಿಡದ ಬೇರಿನ ಗಂಟು ಅದು. ದಶಕಗಟ್ಟಲೆ ಬೆಳೆದ ಗಂಟನ್ನು ಅಗೆದು, ತುಂಡು ಮಾಡಿ, ಗಂಟೆಗಟ್ಟಲೆ ಕುದಿಸಿ ರಸ ತೆಗೆದು, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಅಷ್ಟಾದ ಮೇಲೆ ಅದು ಕೆಂಡಕ್ಕೂ ಸುಲಭವಾಗಿ ಸುಡುವುದಿಲ್ಲ. ಫ್ರಾನ್ಸಿನ ಸೇಂಟ್ ಕ್ಲಾಡ್ ಎಂಬ ಊರಿನಲ್ಲಿ 1850ರ ದಶಕದಲ್ಲಿ ಇದರ ಪೈಪು ಕಡೆಯುವ ಕಸುಬು ಬೆಳೆಯಿತು. ಬಾಯಿಗೆ ಇಡುವ ಕರಿ ಕೊಳವೆ ಮಾತ್ರ ಕಟ್ಟಿಗೆಯಲ್ಲ. ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು, ಎಬೊನೈಟ್.

ಮೊದಲ ಕೆಲಸ ಕೊಳವೆಯನ್ನು ಬಟ್ಟಲಿನಿಂದ ಬೇರ್ಪಡಿಸುವುದು. ಐವತ್ತು ವರ್ಷದ ಕಿಟ್ಟ ಅಂಟಿನಂತೆ ಹಿಡಿದಿರುತ್ತದೆ. ಒತ್ತಾಯಿಸಿ ತಿರುವಿದರೆ ಕುತ್ತಿಗೆ ಸೀಳುತ್ತದೆ, ಬಿಸಿ ಮಾಡಿ ತಿರುವಿದರೆ ಇನ್ನೂ ಬೇಗ ಸೀಳುತ್ತದೆ. ರಾತ್ರಿ ಫ್ರಿಜ್ಜಿನ ಮೇಲಂಕಣದಲ್ಲಿ ಇಟ್ಟು ಬೆಳಗ್ಗೆ ತೆಗೆದರೆ ಕಟ್ಟಿಗೆಗಿಂತ ರಬ್ಬರು ಹೆಚ್ಚು ಕುಗ್ಗಿರುತ್ತದೆ. ಆಗ ನಿಧಾನ ತಿರುವಿದರೆ ಬರುತ್ತದೆ.

ಬಟ್ಟಲಿನ ಒಳಗೆ ಇದ್ದಿಲಿನ ಪದರ ಕಟ್ಟಿರುತ್ತದೆ. ಸೇದುವವರು ಒಂದು ರೂಪಾಯಿ ನಾಣ್ಯದ ದಪ್ಪಕ್ಕೆ ಅದನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ, ಕಟ್ಟಿಗೆಗೆ ಅದು ಕವಚ. ಹೆಚ್ಚಾದರೆ ಕೇಡು: ಕಾವಿಗೆ ಇದ್ದಿಲು ಹಿಗ್ಗುವ ಪರಿ ಬೇರೆ, ಕಟ್ಟಿಗೆ ಹಿಗ್ಗುವ ಪರಿ ಬೇರೆ, ಒಳಗಿನಿಂದ ಒತ್ತಿ ಬಟ್ಟಲನ್ನೇ ಬಿರುಕು ಬಿಡಿಸುತ್ತದೆ. ಯಾರೋ ಸೇದಿದ ಪೈಪಾದರೆ ನಾನು ಎಲ್ಲವನ್ನೂ ತೆಗೆಯಿರಿ ಎನ್ನುತ್ತೇನೆ. ಆ ಪದರದ ಹಿಂದೆ ಬಿರುಕು, ಸುಟ್ಟ ಗುಳಿ ಅಡಗಿರಬಹುದು. ಚೂಪು ತುದಿಯ ಚಾಕು ಕೂಡದು. ಬುಡದಲ್ಲಿ ಗುಂಡಿ ಬೀಳುತ್ತದೆ, ಹೊಗೆಯ ತೂತಿಗಿಂತ ತಳ ಕೆಳಗಿಳಿಯುತ್ತದೆ. ಬೆರಳು ದಪ್ಪದ ಕಟ್ಟಿಗೆ ತುಂಡಿಗೆ ಸ್ಯಾಂಡ್ ಪೇಪರ್ ಸುತ್ತಿ, ಬಟ್ಟಲಿನಲ್ಲಿ ಸಾವಕಾಶ ತಿರುವುವುದೇ ಒಳ್ಳೆಯದು. ಮೂಗಿಗೆ ಬಟ್ಟೆ, ಕೈಗೆ ಗ್ಲೌಸು ಇರಲಿ. ಆ ಕರಿ ಮಡ್ಡಿಯಲ್ಲಿ ನಿಕೋಟಿನ್ ಇದೆ, ಅದು ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಿ ಈ ಕೆಲಸ ಬೇಡವೇ ಬೇಡ.

ಆಮೇಲೆ ವಾಸನೆ. ಪೈಪು ಕೊಂಡವರೆಲ್ಲ ಸೋಲುವುದು ಇಲ್ಲೇ, ಸೋಪಿನ ನೀರಿನಲ್ಲಿ ನೆನೆ ಹಾಕಿಬಿಡುತ್ತಾರೆ. ಕಟ್ಟಿಗೆ ನೀರು ಕುಡಿದು ಉಬ್ಬುತ್ತದೆ, ಕಿಟ್ಟ ಹಾಗೇ ಇರುತ್ತದೆ. ಕಿಟ್ಟ ನೀರಿಗೆ ಕರಗುವುದಿಲ್ಲ, ಆಲ್ಕೊಹಾಲಿಗೆ ಕರಗುತ್ತದೆ. ಮೊಬೈಲ್ ರಿಪೇರಿ ಅಂಗಡಿಯ ಹುಡುಗರು ಬೋರ್ಡು ಒರೆಸಲು ಇಟ್ಟುಕೊಂಡಿರುತ್ತಾರಲ್ಲ, ಐಪಿಎ ಎಂಬ ದ್ರವ, ಅದು ಸಾಕು. ಬಟ್ಟಲಿಗೆ ಹಿಂಜಿದ ಹತ್ತಿ ತುಂಬಿ, ಕುತ್ತಿಗೆಯ ತೂತಿಗೆ ಹತ್ತಿಯ ಬತ್ತಿಯೊಂದನ್ನು ತೂರಿಸಿ, ಪೈಪು ಉರುಳದಂತೆ ಮೊಟ್ಟೆಯ ಟ್ರೇನಲ್ಲಿ ನಿಲ್ಲಿಸಿ, ಸಿರಿಂಜಿನಿಂದ ಹನಿಹನಿಯಾಗಿ ಹತ್ತಿ ನೆನೆಯುವಷ್ಟು ಹಾಕಿ. ದ್ರವ ಮೊದಲು ಕಟ್ಟಿಗೆಯ ರಂಧ್ರಗಳಿಗೆ ಇಳಿದು ಕಿಟ್ಟವನ್ನು ಕರಗಿಸುತ್ತದೆ. ಆಮೇಲೆ ಹತ್ತಿಯ ಮೇಲ್ಭಾಗದಿಂದ ಆವಿಯಾಗುತ್ತ ಹೋದಂತೆ, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ, ಕರಗಿದ ಕಿಟ್ಟವನ್ನೂ ಹತ್ತಿಯೊಳಕ್ಕೆ ಎಳೆದು ತರುತ್ತದೆ. ಸಂಜೆ ಬೆಳ್ಳಗಿದ್ದ ಹತ್ತಿ ಬೆಳಗಾಗುವ ಹೊತ್ತಿಗೆ ತುದಿಯಲ್ಲಿ ಚಹಾದ ಬಣ್ಣ, ಬುಡದಲ್ಲಿ ಕಾಕಂಬಿಯ ಬಣ್ಣ. ಹತ್ತಿ ಬದಲಿಸಿ ಮತ್ತೊಂದು ರಾತ್ರಿ. ಹತ್ತಿಯ ಬದಲು ಉಪ್ಪು ತುಂಬುವವರಿದ್ದಾರೆ. ಉಪ್ಪೂ ಎಳೆಯುತ್ತದೆ, ಆದರೆ ಕಟ್ಟಿಗೆಯೊಳಗೆ ಉಳಿದ ಉಪ್ಪು ಮಳೆಗಾಲದಲ್ಲಿ ತೇವ ಹೀರಿ ಬಿರುಕು ತರಬಹುದು. ಹತ್ತಿ ಬೆಳೆಯುವ ಸೀಮೆಯವರು ನಾವು, ಉಪ್ಪಿನ ಹಂಗೇಕೆ?

ಒಂದು ಎಚ್ಚರ. ಈ ದ್ರವ ಪೈಪಿನ ಹೊರಮೈಗೆ ಚೆಲ್ಲಬಾರದು. ಬಡಿಗೇರರು ಬಾಗಿಲಿಗೆ ಹಾಕುವ ಫ್ರೆಂಚ್ ಪಾಲಿಶ್‌ನಂಥ ಅರಗಿನ ಹೊಳಪು ಪೈಪಿನ ಮೇಲಿದ್ದರೆ ಆಲ್ಕೊಹಾಲ್ ಅದನ್ನೂ ಕರಗಿಸಿ ಮೈಯೆಲ್ಲ ಜಿಗುಟು ಮಾಡುತ್ತದೆ.

ಕೊಳವೆಯ ತೂತಿಗೆ ತಂತಿಯ ಬ್ರಷ್ಷು ಸಿಗದಿದ್ದರೆ ಕಸಬರಗಿ ಕಡ್ಡಿಗೆ ಹತ್ತಿ ಸುತ್ತಿ ಆಡಿಸಿ. ಕೋಳಿಗರಿ ಇನ್ನೂ ಚೆನ್ನ. ಅಂಗಡಿಯ ಬ್ರಷ್ಷು ಬರುವ ಮೊದಲು ಸೇದುವವರು ಬಳಸುತ್ತಿದ್ದುದೇ ಅದು. ಎಬೊನೈಟಿನ ಕಾಯಿಲೆ ಬೇರೆ: ಬೆಳಕಿಗೆ ಮೇಲ್ಮೈಯ ಗಂಧಕ ಹೊರಬಂದು ಕರಿ ಕೊಳವೆ ಹಸಿರುಗಂದು ಆಗುತ್ತದೆ. ನಮ್ಮ ಬಿಸಿಲಿಗೆ ಕಿಟಕಿಯ ಪಕ್ಕ ಇಟ್ಟರೆ ಬೇಗನೆ. ಬಿಸಿನೀರು ಹಾಕಿದರೆ ಇನ್ನೂ ಬೇಗ. ಕಾರು ಪೇಂಟ್ ಮಾಡುವವರ ವಾಟರ್ ಪೇಪರ್ ತಂದು, ತಣ್ಣೀರಿನಲ್ಲಿ ಅದ್ದಿ, ನಾನೂರರ ನಂಬರಿನಿಂದ ಶುರುಮಾಡಿ ಎರಡು ಸಾವಿರದವರೆಗೆ ಉಜ್ಜುತ್ತ ಹೋಗಬೇಕು. ಉಜ್ಜುವಾಗ ಗಂಧಕದ ನಾತ ಬಂದರೆ ಕೊಳವೆ ಎಬೊನೈಟೇ ಎಂದು ಖಾತ್ರಿ. ಪ್ಲಾಸ್ಟಿಕ್ಕಾದರೆ ನಾತ ಬರುವುದಿಲ್ಲ, ಹಸಿರೂ ಆಗಿರುವುದಿಲ್ಲ. ಕಡೆಗೆ ಒಂದಿಷ್ಟು ಜೇನುಮೇಣ.

ಹಲ್ಲಿನ ಗುರುತು ಉಜ್ಜಿ ತೆಗೆಯಲು ಹೋಗಬೇಡಿ. ಈ ರಬ್ಬರಿಗೆ ತನ್ನ ಮೊದಲಿನ ಆಕಾರದ ನೆನಪಿದೆ. ಲೈಟರಿನ ಉರಿಯ ಮೇಲೆ, ಮುಟ್ಟಿಸದೆ, ಅತ್ತಿತ್ತ ಆಡಿಸುತ್ತಿದ್ದರೆ ತಗ್ಗು ತಾನೇ ಮೇಲೇಳುತ್ತದೆ. ಕುತ್ತಿಗೆಗೆ ಸೇರುವ ತುದಿ ಸಡಿಲವಾಗಿದ್ದರೂ ಹೀಗೆಯೇ. ತುಸು ಕಾಯಿಸಿ ಒಳಗೆ ಸ್ವಲ್ಪ ದಪ್ಪನೆಯ ಲೋಹದ ಕಡ್ಡಿ ತೂರಿಸಿ ತಣಿಯಲು ಬಿಟ್ಟರೆ ಬಿಗಿಯಾಗುತ್ತದೆ. ತೀರಾ ಬಿಗಿಯಿದ್ದರೆ ಪೆನ್ಸಿಲ್ ಉಜ್ಜಿದರಾಯಿತು.

ಕುತ್ತಿಗೆ ಸೀಳಿದ್ದರೆ ಪತ್ತಾರರ ಬಳಿ ಹೋಗಬೇಕು. ಸೀಳು ಮುಗಿಯುವ ತುದಿಯಲ್ಲಿ ಸೂಜಿಯಷ್ಟು ತೂತು ಕೊರೆದರೆ ಅದು ಮುಂದಕ್ಕೆ ಓಡುವುದಿಲ್ಲ. ಸೀಳಿಗೆ ಅಂಟು ಹಾಕಿ, ಮೇಲೊಂದು ಬೆಳ್ಳಿಯ ಉಂಗುರವನ್ನು ಕಾಯಿಸಿ ಏರಿಸಿದರೆ ತಣಿದಂತೆಲ್ಲ ಬಿಗಿಯುತ್ತದೆ. ಹರಪನಹಳ್ಳಿಯಲ್ಲಿ ಪೈಪು ರಿಪೇರಿಯವರೆಂದು ಬೋರ್ಡು ಹಾಕಿಕೊಂಡವರು ಯಾರೂ ಸಿಕ್ಕಲಿಕ್ಕಿಲ್ಲ. ಪತ್ತಾರರು, ಬಡಿಗೇರರು, ಕಲಾಯಿಯವರು, ಮೊಬೈಲ್ ಅಂಗಡಿಯ ಹುಡುಗ, ಈ ನಾಲ್ವರ ಕೈಯಲ್ಲಿ ಇಡೀ ವಿದ್ಯೆ ಹಂಚಿಹೋಗಿದೆ. ಅವರಿಗೆ ಮಾಡಬೇಕಾದ್ದನ್ನು ಹೇಳುವುದಕ್ಕಿಂತ ಮಾಡಬಾರದ್ದನ್ನು ಹೇಳುವುದು ಮುಖ್ಯ. ಬಡಿಗೇರರಿಗೆ ಪೈಪು ಕೊಟ್ಟರೆ ಅವರ ಕೈ ಮೊದಲು ಹೋಗುವುದು ಸ್ಯಾಂಡ್ ಪೇಪರಿಗೆ. ಕುತ್ತಿಗೆಯ ಮೇಲಿನ ಅಚ್ಚು ಅಳಿಸಿತೆಂದರೆ ಪೈಪಿನ ಜಾತಕವೇ ಹೋಯಿತು. ಬೆಳ್ಳಿಯ ಪಟ್ಟಿ ಇದ್ದರೆ ಭೂತಗನ್ನಡಿ ಹಿಡಿದು ನೋಡಿ: ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ, ಜತೆಗೆ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಂನಲ್ಲಿ ಮುದ್ರೆ ಬಿದ್ದದ್ದು. ಸಮುದ್ರವೇ ಇಲ್ಲದ ಊರಿಗೆ ಲಂಗರಿನ ಮುದ್ರೆ! ಪಕ್ಕದಲ್ಲಿರುವ ಒಂಟಿ ಅಕ್ಷರದಿಂದ ವರ್ಷವನ್ನೂ ಗುರುತಿಸಬಹುದು. ಕೊಳವೆಯ ಮೇಲೆ ಬಿಳಿ ಚುಕ್ಕೆ ಇದ್ದರೆ ಡನ್‌ಹಿಲ್ ಇರಬಹುದು. ಲಂಡನ್ನಿನಲ್ಲಿ 1907ರಲ್ಲಿ ಅಂಗಡಿ ತೆರೆದ ಆ ಕಂಪನಿಯ ಹಳೆಯ ಪೈಪಿಗೆ ಒಳ್ಳೆಯ ಬೆಲೆಯಿದೆ. ಚುಕ್ಕೆಯನ್ನು ನಕಲು ಮಾಡುವವರೂ ಇದ್ದಾರೆ, ಅಚ್ಚನ್ನೂ ನೋಡಿ.

ಬಿಳಿಯ, ಹಗುರ, ಕೆತ್ತನೆಯ ಪೈಪು ಸಿಕ್ಕರೆ ಅದು ಮೀರ್‌ಶಾಮ್ ಎಂಬ ಮೆತ್ತನೆಯ ಖನಿಜದ್ದು, ದಂತವಲ್ಲ. ಸೇದಿದಂತೆಲ್ಲ ಜೇನಿನ ಬಣ್ಣಕ್ಕೆ ತಿರುಗುವುದೇ ಅದರ ಹೆಚ್ಚುಗಾರಿಕೆ. ಆ ಹಳದಿಯನ್ನು ಕೊಳೆಯೆಂದು ತೊಳೆಯಬೇಡಿ. ನೀರೂ ಬೇಡ, ಉಪ್ಪೂ ಬೇಡ, ಆಲ್ಕೊಹಾಲಂತೂ ಹೊರಮೈಗೆ ಬೇಡವೇ ಬೇಡ.

ಕಾನೂನಿನ ಬಗ್ಗೆ ಕೇಳುವವರಿಗೆ: 2024ರಲ್ಲಿ ಕರ್ನಾಟಕ ಸರ್ಕಾರ ಹುಕ್ಕಾ ಬಾರ್‌ಗಳನ್ನೂ ಹುಕ್ಕಾ ಮಾರಾಟವನ್ನೂ ನಿಷೇಧಿಸಿದೆ. ಅದರ ಕಣ್ಣಿರುವುದು ಸೇದಿಸುವವರ ಮೇಲೆ, ಅಜ್ಜನ ಗುಡುಗುಡಿಯನ್ನು ಒರೆಸಿ ಕಪಾಟಿನಲ್ಲಿಡುವವರ ಮೇಲಲ್ಲ. ಹಳೆ ಸಾಮಾನನ್ನು ಮಾರುವ ಮನಸ್ಸಿದ್ದರೆ ಮಾತ್ರ ತಿಳಿದವರನ್ನು ಕೇಳಿಕೊಂಡು ಮುಂದುವರಿಯಿರಿ. ಇನ್ನೊಂದು ಕಾಯ್ದೆ 1972ರದ್ದು. ನೂರು ವರ್ಷ ಮೀರಿದ ಕಲಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗ ಸೂಟ್‌ಕೇಸಿನಲ್ಲಿ ಬಿದರಿ ಗುಡುಗುಡಿ ಒಯ್ಯುತ್ತೇನೆಂದರೆ ವಿಮಾನ ನಿಲ್ದಾಣದಲ್ಲಿ ತಡೆದಾರು. ಅದರ ಕಾಲ ತಿಳಿಯಬೇಕಿದ್ದರೆ ಬೇರೆ ಬೇರೆ ದಿಕ್ಕಿನಿಂದ ಫೋಟೊ ತೆಗೆದು ಪುರಾತತ್ವ ಇಲಾಖೆಯವರಿಗೆ ತೋರಿಸಿ. ಆದರೆ ಫೋಟೊ ಚೆನ್ನಾಗಿ ಬರಲೆಂದು ಹಿಂದಿನ ರಾತ್ರಿ ತಿಕ್ಕಿ ಹೊಳೆಯಿಸಬೇಡಿ. ಅವರು ನೋಡಬೇಕಾದ್ದು ಆ ಕಪ್ಪನ್ನೇ.